ಮೆರಿಟ್‌ಗಿಂತ ಮೊದಲು ಬಂದ ಡಿಕ್ಲರೇಶನ್

ದೇಶದ ದಿಕ್ಕು ಬದಲಿಸಿದ ವರ್ಷ ಯಾವುದು ಅಂತ ನಮ್ಮ ವಯಸ್ಸಿನವರನ್ನು ಕೇಳಿ ನೋಡಿ. ಹೆಚ್ಚಿನವರು 1991 ಅಂತಾರೆ. ನರಸಿಂಹ ರಾವ್, ಮನಮೋಹನ್ ಸಿಂಗ್, ಲೈಸೆನ್ಸ್ ರಾಜ್ ಮುರಿದದ್ದು, ಆಮೇಲೆ ಐಟಿ, ಆಮೇಲೆ ನಾವು. ಕೆಲವರು 2014 ಅಂತಾರೆ. ಸ್ವಲ್ಪ ಓದಿಕೊಂಡವರು 1975ರ ಎಮರ್ಜೆನ್ಸಿ ಅಂತಾರೆ. ಎಲ್ಲ ಉತ್ತರಗಳೂ ದೆಹಲಿಯಲ್ಲೇ ನಡೆದವು. ಎಲ್ಲದರಲ್ಲೂ ಒಬ್ಬ ದೊಡ್ಡ ಮನುಷ್ಯ ಒಂದು ದಿನ ಒಂದು ನಿರ್ಧಾರ ಮಾಡಿದ, ನಮ್ಮ ಬದುಕು ಬದಲಾಯಿತು ಅನ್ನುವ ಕಥೆ ಇದೆ.

ನನ್ನ ಉತ್ತರ ಬೇರೆ: 1974ರ ಮಾರ್ಚ್ 1. ಅವತ್ತು ಕರ್ನಾಟಕದಲ್ಲಿ ಗೇಣಿಗೆ ಕೊಟ್ಟಿದ್ದ ಕೃಷಿಭೂಮಿಯೆಲ್ಲ ಕಾನೂನಿನ ಒಂದು ವಾಕ್ಯದಿಂದ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವನಿಗೆ ಅದನ್ನು ಕೇಳುವ ಹಕ್ಕು ಬಂತು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಬಂಟ್ವಾಳದಿಂದ ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿ ಕೂತಿರುವ ನಮ್ಮಲ್ಲಿ ದೊಡ್ಡ ಪಾಲಿನವರ ಬದುಕು ಶುರುವಾದದ್ದು ಅಲ್ಲಿಂದ. ಇದನ್ನು ಮರೆತದ್ದರಿಂದ ನಮಗೆ ನಷ್ಟವಿಲ್ಲ, ಲಾಭವೇ ಇದೆ. "ನಾವು ಯಾರ ಹಂಗಿನಲ್ಲೂ ಬೆಳೆದವರಲ್ಲ, ಸ್ವಂತ ಮೆರಿಟ್‌ನಿಂದ ಬಂದವರು" ಅಂತ ಹೇಳಿಕೊಳ್ಳಲು ಅನುಕೂಲ ಆಗಿದೆ. ನನ್ನ ಜಗಳ ಇರುವುದು ಈ ಅನುಕೂಲದ ಜತೆ.

ಹಳೆಯ ವ್ಯವಸ್ಥೆ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ಬೆಟ್ಟಂಪಾಡಿಯವನು. ಪುತ್ತೂರಿನಲ್ಲಿ ಪಾಣಾಜೆ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಊರು, ಪಾಣಾಜೆ ದಾಟಿದರೆ ಕೇರಳ. ಇವತ್ತು ಬಂದವರಿಗೆ ಅಡಿಕೆ ತೋಟ, ರಬ್ಬರು, ತಾರಸಿ ಮನೆ, ಅಂಗಳದಲ್ಲಿ ಕಾರು ಕಾಣುತ್ತದೆ. ಐವತ್ತು ವರ್ಷ ಹಿಂದೆ ಅದೇ ಜಾಗದಲ್ಲಿ ಬೇಸಾಯ ಮಾಡುವವನು ಬೇರೆ, ಪಟ್ಟೆ ಇರುವವನು ಬೇರೆ. ವರ್ಗದ ಭೂಮಿಯೆಲ್ಲ ಕೆಲವು ಮನೆತನಗಳ, ದೇವಸ್ಥಾನಗಳ, ಮಠಗಳ ಹೆಸರಿನಲ್ಲಿ. ಉಳುವವರು ಒಕ್ಕಲುಗಳು: ಬಿಲ್ಲವರು, ಗೌಡರು, ಬಂಟರು, ಕ್ರೈಸ್ತರು, ಬ್ಯಾರಿಗಳು, ಬಡ ಬ್ರಾಹ್ಮಣರೂ ಇದ್ದರು.

ಗೇಣಿಯಲ್ಲೂ ಬಗೆಗಳಿದ್ದವು. ಮೂಲಗೇಣಿ ಅಂದರೆ ಶಾಶ್ವತ. ಗೇಣಿ ಕೊಡುವವರೆಗೆ ಯಾರೂ ಏಳಿಸುವ ಹಾಗಿಲ್ಲ. ಚಾಲಗೇಣಿ ಅಂದರೆ ವರ್ಷದಿಂದ ವರ್ಷಕ್ಕೆ; ಧಣಿಗಳಿಗೆ ಬೇಡ ಅನಿಸಿದರೆ ಮುಂದಿನ ವರ್ಷ ನೀವಿಲ್ಲ. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಗೇಣಿಯನ್ನು ಅಕ್ಕಿಯ ಮುಡಿ ಲೆಕ್ಕದಲ್ಲಿ ಹೊತ್ತುಕೊಂಡು ಹೋಗಿ ಕೊಡಬೇಕು. ಮಳೆ ಕೈಕೊಟ್ಟರೂ ಲೆಕ್ಕ ಬದಲಾಗುವುದಿಲ್ಲ. ನಮ್ಮ ಧಣಿಗಳು ಕೆಟ್ಟವರೇನಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಇರಬಹುದು. ಆದರೆ ಅವರು ಒಳ್ಳೆಯವರಾಗಿ ಉಳಿಯುವುದರ ಮೇಲೆ ಒಂದು ಸಂಸಾರದ ಅನ್ನ ನಿಂತಿತ್ತಲ್ಲ, ತೊಂದರೆ ಇದ್ದದ್ದು ಅಲ್ಲಿ. ಮುಂದಿನ ವರ್ಷ ಇದೇ ಗದ್ದೆ ನಮ್ಮ ಕೈಯಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಒಂದು ಬಾವಿ ತೋಡಲಾರ. ಏಳೆಂಟು ವರ್ಷ ಕಾದು ಫಲ ಕೊಡುವ ಅಡಿಕೆ ಸಸಿ ನೆಡಲಾರ. ಮಗನನ್ನು ಶಾಲೆಗೆ ಕಳಿಸುವುದೂ ಅಷ್ಟೇ, ನಾಳೆ ಬಗ್ಗೆ ಧೈರ್ಯ ಇರುವವರು ಮಾಡುವ ಕೆಲಸ ಅದು.

ಆಮೇಲೆ ಕಾನೂನು ಬಂತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಶನ್ ಕೊಡುವುದು" ಅಂತ ಹೆಸರು. ಅರ್ಜಿಗಳನ್ನು ವಿಚಾರಿಸಲು ತಾಲೂಕು ಮಟ್ಟದ ಭೂನ್ಯಾಯ ಮಂಡಳಿಗಳು ಬಂದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಅರ್ಜಿ ಹಾಕುವ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಂದವು. ಅತಿ ಹೆಚ್ಚು ಅರ್ಜಿ ಬಂದ ಜಿಲ್ಲೆಗಳಲ್ಲಿ ನಮ್ಮದು ಒಂದು.

ಇದೆಲ್ಲ ಯಾಕೆ ಆಯಿತು ಅಂತ ಕೇಳಿದರೆ ಬರುವ ಉತ್ತರ ಒಂದೇ: "ದೇವರಾಜ ಅರಸು ಕೊಟ್ಟರು." ಅರಸರ ಫೋಟೋ ಹಾಕಿ ಕೈಮುಗಿಯುವವರು ಹೇಳುವುದೂ ಅದೇ, "ಅರಸು ನಮ್ಮ ಜಮೀನು ಕಿತ್ತುಕೊಂಡರು" ಅಂತ ಶಪಿಸುವವರು ಹೇಳುವುದೂ ಅದೇ. ಇಬ್ಬರಿಗೂ ಇತಿಹಾಸ ಅಂದರೆ ಒಬ್ಬ ಮನುಷ್ಯನ ಮನಸ್ಸು.

ನಮ್ಮ ಸೀಮೆಯಲ್ಲಿ ಇದು ಹಳೆಯ ಚಾಳಿ. 1837ರ ಅಮರ ಸುಳ್ಯ ದಂಗೆಯನ್ನೇ ತೆಗೆದುಕೊಳ್ಳಿ. ಕೆದಂಬಾಡಿ ರಾಮಯ್ಯ ಗೌಡರು ನಮಗೆ ಗೊತ್ತು. ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡದ್ದು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿದ್ದು, ಹದಿಮೂರು ದಿನ ಮಂಗಳೂರನ್ನು ಹಿಡಿದಿಟ್ಟುಕೊಂಡದ್ದು ಗೊತ್ತು. 2022ರಲ್ಲಿ ಬಾವುಟಗುಡ್ಡೆಯಲ್ಲಿ ಅವರ ಪ್ರತಿಮೆಯೂ ಎದ್ದಿತು, ಸಂತೋಷ. ಆದರೆ ರೈತರು ಯಾಕೆ ಎದ್ದರು ಅಂತ ಕೇಳಿದರೆ "ಸ್ವಾತಂತ್ರ್ಯಕ್ಕಾಗಿ" ಅಂತ ಹೇಳಿ ಮುಗಿಸುತ್ತೇವೆ. 1834ರಲ್ಲಿ ಕಂಪೆನಿ ಕೊಡಗನ್ನು ನುಂಗಿ, ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ಮೇಲೆ ನಗದಾಗಿ ಕೊಡಿ ಅಂತು. ಕೈಯಲ್ಲಿ ಭತ್ತ ಇತ್ತು, ದುಡ್ಡು ಇರಲಿಲ್ಲ. ಹೊಗೆಸೊಪ್ಪು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬೇರೆ. ದಂಗೆಯ ಹಿಂದೆ ಈ ಲೆಕ್ಕಾಚಾರವೂ ಇತ್ತು. ಪ್ರತಿಮೆಗೆ ಹಾರ ಹಾಕುವುದು ಸುಲಭ, ಕಂದಾಯದ ಲೆಕ್ಕ ಓದುವುದು ಬೇಜಾರು. ಹಾಗಾಗಿ ವೀರರು ಉಳಿಯುತ್ತಾರೆ, ಕಾರಣಗಳು ಕಳೆದುಹೋಗುತ್ತವೆ.

1974ಕ್ಕೆ ಬರೋಣ. ಅರಸರ ಒಳ್ಳೆಯ ಮನಸ್ಸೊಂದೇ ಕಾರಣ ಅಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಗಟ್ಟಿ ಸಾಕ್ಷಿ ಇದೆ. ಅದು 1961ರ ಭೂಸುಧಾರಣಾ ಕಾಯ್ದೆ. ಹೌದು ಮಾರಾಯ್ರೆ, ಭೂಸುಧಾರಣೆ ಕಾನೂನು ಅದಕ್ಕೂ ಮೊದಲೇ ಇತ್ತು. ಜತ್ತಿ ಸಮಿತಿ 1957ರಲ್ಲಿ ಕೂತು ವರದಿ ಮಾಡಿ, ವಿಧಾನಸಭೆ 1961ರಲ್ಲಿ ಪಾಸು ಮಾಡಿ, ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿ ದಿನವೇ! ಗುರಿ ಒಳ್ಳೆಯದೇ ಇತ್ತು. ಆದರೆ "ಸ್ವಂತ ಬೇಸಾಯಕ್ಕೆ ಬೇಕು" ಅಂತ ಧಣಿ ಭೂಮಿಯನ್ನು ವಾಪಸು ಕೇಳಬಹುದಿತ್ತು. ತಕರಾರು ಬಂದರೆ ಕೋರ್ಟು, ಕೋರ್ಟು ಅಂದರೆ ವಕೀಲರು, ವಕೀಲರು ಅಂದರೆ ಫೀಸು. ಗೇಣಿ ಚೀಟಿಯೇ ಇಲ್ಲದ ಒಕ್ಕಲು ಯಾವ ಕೋರ್ಟಿಗೆ ಹೋಗುತ್ತಾನೆ? ಆ ಕಾನೂನು ಎಷ್ಟೋ ಕಡೆ ಒಕ್ಕಲನ್ನು ಏಳಿಸಲು ನೆಪವಾಯಿತು.

ಹಾಗಾದರೆ ಒಂದೇ ರಾಜ್ಯ, ಒಂದೇ ಪಕ್ಷ, ಒಂದೇ ವಿಷಯ. 1961ರದ್ದು ಸೋತು 1974ರದ್ದು ಗೆದ್ದದ್ದು ಯಾಕೆ? ನನಗೆ ಕಾಣುವ ಕಾರಣ ನಾಲ್ಕು.

ಒಂದು, ಕೆಳಗಿನಿಂದ ಬಂದ ಒತ್ತಡ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದದ್ದು ಭತ್ತ ಅಳೆಯುವ ಕೊಳಗದ ಅಳತೆಯ ಜಗಳದಿಂದ. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ಪಕ್ಷ ಜತೆಗೆ ಬಂತು, ಲೋಹಿಯಾ ಬಂದು ಅರೆಸ್ಟ್ ಆದರು. ಇತ್ತ ಕರಾವಳಿಯಲ್ಲಿ ಕಮ್ಯುನಿಸ್ಟರು ಗೇಣಿದಾರರನ್ನು ಸಂಘಟಿಸಿದರು. ಅವರ ನಾಯಕ ಬಿ.ವಿ. ಕಕ್ಕಿಲ್ಲಾಯರು ಸ್ವತಃ ಜಮೀನ್ದಾರಿ ಮನೆತನದವರು, 1972ರಲ್ಲಿ ಶಾಸಕರಾಗಿ ವಿಧಾನಸಭೆಯಲ್ಲಿದ್ದರು. "ಉಳುವವನೇ ಹೊಲದೊಡೆಯ" ಅನ್ನುವ ಮಾತು ಅರಸರ ಬಾಯಿಗೆ ಬರುವ ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದಾಗಿತ್ತು. ಅದಕ್ಕಾಗಿ ಪೆಟ್ಟು ತಿಂದವರ, ಜೈಲು ಕಂಡವರ ಹೆಸರು ನಮಗೆ ಗೊತ್ತಿಲ್ಲ.

ಎರಡು, ಪಕ್ಕದ ಮನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಭಾಷೆಯ ದೃಷ್ಟಿಯಿಂದ ನಾವು ಅದನ್ನು ಗಾಯ ಅಂತಲೇ ನೆನಪಿಟ್ಟುಕೊಂಡಿದ್ದೇವೆ, ಸರಿಯೇ. ಆದರೆ ಗಡಿಯ ಆ ಕಡೆ ಇನ್ನೊಂದು ನಡೆಯಿತು. 1957ರಲ್ಲಿ ಗೆದ್ದ ಇಎಂಎಸ್ ಸರ್ಕಾರ ಅಧಿಕಾರಕ್ಕೆ ಬಂದ ವಾರದೊಳಗೆ ಒಕ್ಕಲೆಬ್ಬಿಸುವುದಕ್ಕೆ ತಡೆ ಹಾಕಿತು. 1959ರಲ್ಲಿ ಕೇಂದ್ರ ಅದನ್ನು ವಜಾ ಮಾಡಿತು, ಆದರೂ ವಿಷಯ ಸಾಯಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಮುಗಿಯಿತು. ಅಂದರೆ ಪೆರ್ಲದ ಒಕ್ಕಲು ಭೂಮಿಯ ಹಕ್ಕುದಾರನಾದ ಮೇಲೆ ನಾಲ್ಕು ವರ್ಷ ಬೆಟ್ಟಂಪಾಡಿಯ ಒಕ್ಕಲು ಗೇಣಿ ಹೊರುತ್ತಲೇ ಇದ್ದ. ಇಬ್ಬರೂ ಒಂದೇ ಸಂತೆಗೆ ಹೋಗುವವರು, ಒಂದೇ ಭಾಷೆ ಮಾತಾಡುವವರು, ಎಷ್ಟೋ ಮನೆಗಳಲ್ಲಿ ಭಾವ-ನೆಂಟರು. ಭಾವನಿಗೆ ಸಿಕ್ಕಿದ್ದು ನನಗೇಕಿಲ್ಲ ಅಂತ ಕೇಳಲು ಯಾವ ಭಾಷಣವೂ ಬೇಕಾಗಿಲ್ಲ.

ಮೂರು, ಮೇಲಿನವರ ಜಗಳ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ನಿಜಲಿಂಗಪ್ಪ, ವೀರೇಂದ್ರ ಪಾಟೀಲರ ಜತೆ ರಾಜ್ಯದ ಪ್ರಬಲ ನಾಯಕತ್ವದ ದೊಡ್ಡ ಭಾಗ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿಯಿತು. ಇಂದಿರಾ ಬಣಕ್ಕೆ ಇಲ್ಲಿ ಸಿಕ್ಕಿದವರು ಅರಸು. ಅವರ ಜಾತಿಗೆ ಸಂಖ್ಯಾಬಲವಿಲ್ಲ, ಹಳೆಯ ಭೂಮಾಲೀಕ ನಾಯಕರ ಬೆಂಬಲವೂ ಇಲ್ಲ. ಅವರಿಗೆ ಹೊಸ ಮತದಾರರು ಬೇಕಿತ್ತು. 1972ರಲ್ಲಿ 216ರಲ್ಲಿ 165 ಸೀಟು ಗೆದ್ದ ಮೇಲೆ ಆ ಮತದಾರರಿಗೆ ಏನಾದರೂ ಕೊಡಲೇಬೇಕಿತ್ತು. ಹಿಂದುಳಿದವರ ಹಾವನೂರು ಆಯೋಗವೂ ಆ ವರ್ಷದ್ದೇ. ಅರಸರಿಗೆ ಒಳ್ಳೆಯ ಮನಸ್ಸು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಭೂಮಾಲೀಕರ ಹಂಗು ಕಡಿಮೆ ಇದ್ದದ್ದರಿಂದ ಆ ಮನಸ್ಸಿಗೆ ಕೆಲಸ ಮಾಡಲು ಜಾಗ ಸಿಕ್ಕಿತು.

ನಾಲ್ಕನೆಯದು, ಯಾರೂ ಮಾತಾಡದ ಕಾರಣ: ಕಾನೂನಿನ ಯಂತ್ರ. 1974ರ ಕಾಯ್ದೆ ಒಕ್ಕಲನ್ನು ಕೋರ್ಟಿಗೆ ಕಳಿಸಲಿಲ್ಲ. ಭೂಮಿ ಮೊದಲೇ ಸರ್ಕಾರಕ್ಕೆ ಸೇರಿತ್ತು, ಒಕ್ಕಲು ಉಳುತ್ತಿದ್ದೇನೆ ಅಂತ ತೋರಿಸಿದರೆ ಸಾಕು. ಟ್ರಿಬ್ಯೂನಲ್ ಎದುರು ವಕೀಲರು ಬರುವ ಹಾಗಿರಲಿಲ್ಲ. ಧಣಿಯೂ ತಾನೇ ಮಾತಾಡಬೇಕು, ಒಕ್ಕಲೂ ತಾನೇ ಮಾತಾಡಬೇಕು. ಈ ನಿಷೇಧವನ್ನು 1987ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು, ಆದರೆ ಅಷ್ಟರೊಳಗೆ ದೊಡ್ಡ ಕೆಲಸ ಆಗಿಹೋಗಿತ್ತು. ಹೆಬ್ಬೆಟ್ಟು ಒತ್ತುವ ನನ್ನ ಅಜ್ಜ ಪುತ್ತೂರಿಗೆ ಹೋಗಿ, ಅಧಿಕಾರಿಯ ಎದುರು ನಿಂತು, "ಈ ಗದ್ದೆ ನಾನು ಮಾಡ್ತಿದ್ದೇನೆ" ಅಂತ ತಾನೇ ಹೇಳಿದ. ಒಂದು ಕಾನೂನು ಬಡವನಿಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಅದರ ಮುನ್ನುಡಿಯಲ್ಲಿರುವ ದೊಡ್ಡ ಮಾತುಗಳಿಂದ ತೀರ್ಮಾನ ಆಗುವುದಿಲ್ಲ. ಯಾವ ಆಫೀಸು, ಎಷ್ಟು ಖರ್ಚು, ಪುರಾವೆ ಯಾರ ಹೊಣೆ, ಎದುರುಗಡೆ ಯಾರು ಕೂತಿರುತ್ತಾರೆ ಅನ್ನುವುದರಿಂದ ಆಗುತ್ತದೆ. ಸಾಫ್ಟ್‌ವೇರ್ ಬರೆಯುವ ನಮಗೆ ಇದು ಬೇಗ ಅರ್ಥ ಆಗಬೇಕು.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಟ್ರಿಬ್ಯೂನಲ್‌ಗಳು ಕೆಲಸ ಮಾಡಿದ ಮೊದಲ ವರ್ಷಗಳು ಎಮರ್ಜೆನ್ಸಿಯ ವರ್ಷಗಳು. 20 ಅಂಶಗಳ ಕಾರ್ಯಕ್ರಮದಲ್ಲಿ ಭೂಸುಧಾರಣೆಯೂ ಇತ್ತು. ದೇಶದ ಸ್ವಾತಂತ್ರ್ಯವನ್ನು ಕಟ್ಟಿಹಾಕಿದ ಅದೇ ಸರ್ಕಾರ ಇಲ್ಲಿ ಒಕ್ಕಲಿಗೆ ಹಕ್ಕುಪತ್ರ ಕೊಡುತ್ತಿತ್ತು. 1977ರಲ್ಲಿ ಉತ್ತರ ಭಾರತ ಇಂದಿರಾ ಕಾಂಗ್ರೆಸ್ಸನ್ನು ಗುಡಿಸಿ ಹಾಕಿದಾಗ ಕರ್ನಾಟಕ 28ರಲ್ಲಿ 26 ಸೀಟು ಅದೇ ಪಕ್ಷಕ್ಕೆ ಕೊಟ್ಟಿತು. ಕನ್ನಡಿಗರಿಗೆ ಪ್ರಜಾಪ್ರಭುತ್ವದ ಬೆಲೆ ಗೊತ್ತಿಲ್ಲ ಅಂತ ಆಗ ಬೈದವರಿದ್ದರು. ಭೂಮಿ ಸಿಕ್ಕಿದವರ, ಸಿಗಲಿದೆ ಅಂತ ಕಾಯುತ್ತಿದ್ದವರ ಕಣ್ಣಿನಿಂದ ಆ ವೋಟನ್ನು ನೋಡಿದರೆ ಬೈಗುಳ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಎಮರ್ಜೆನ್ಸಿ ತಪ್ಪು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಂದೇ ವರ್ಷ ಒಬ್ಬನಿಗೆ ಕತ್ತಲೆ, ಇನ್ನೊಬ್ಬನಿಗೆ ಬೆಳಕು ಆಗಿರಬಹುದು ಅನ್ನುವುದನ್ನು ಬಿಟ್ಟು ಇತಿಹಾಸ ಬರೆಯಲಾಗುವುದಿಲ್ಲ.

ಈಗ 1991ಕ್ಕೆ. ಅದು ಬಾಗಿಲು ತೆರೆಯಿತು, ಒಪ್ಪೋಣ. ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಡಿಗ್ರಿ ಹಿಡಿದು ನಿಂತಿದ್ದವರು ಯಾರು? ಅವರು ಅಲ್ಲಿವರೆಗೆ ಬಂದದ್ದು ಹೇಗೆ? ಪಹಣಿಯಲ್ಲಿ ಹೆಸರು ಬಂದರೆ ಮೊದಲು ಸಿಗುವುದು ಸಾಲ. ಕೆನರಾ ಮತ್ತು ಸಿಂಡಿಕೇಟ್, ಅವಿಭಜಿತ ದಕ್ಷಿಣ ಕನ್ನಡದಲ್ಲೇ ಹುಟ್ಟಿದ ಎರಡು ಬ್ಯಾಂಕುಗಳು, 1969ರಲ್ಲಿ ರಾಷ್ಟ್ರೀಕರಣವಾದ 14ರಲ್ಲಿ ಸೇರಿದ್ದವು. ಕೃಷಿಗೆ ಸಾಲ ಕೊಡಿ ಅಂತ ಸರ್ಕಾರ ಒತ್ತುತ್ತಿದ್ದ ಕಾಲ. ಅಡಿಕೆ ದರ ಕುಸಿದು ಕಂಗಾಲಾಗಿದ್ದ ಬೆಳೆಗಾರರು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಕಟ್ಟಿದ್ದರು. ಹಾಗಾಗಿ ಹೊಸದಾಗಿ ತೋಟ ಹಾಕಿದವನ ಅಡಿಕೆಯನ್ನು ಕೊಳ್ಳಲು ಸಹಕಾರಿ ಸಂಸ್ಥೆಯೊಂದು ಇತ್ತು. ಪುತ್ತೂರಿನಲ್ಲಿ ಫಿಲೋಮಿನಾ ಕಾಲೇಜು 1958ರಿಂದ, ವಿವೇಕಾನಂದ ಕಾಲೇಜು 1965ರಿಂದ ಇದ್ದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಇಂಜಿನಿಯರಿಂಗ್ ಕಾಲೇಜು 1986ರಲ್ಲಿ ಬಂತು. ಭೂಮಿ, ಬ್ಯಾಂಕು, ಸಹಕಾರ ಸಂಘ, ಕಾಲೇಜು. ಇವು ಇಪ್ಪತ್ತು ವರ್ಷ ಒಂದರ ಮೇಲೊಂದು ಕೂತ ಮೇಲೆ 1991 ಬಂತು. ನನ್ನ ಅಪ್ಪ ಪುತ್ತೂರಿನಲ್ಲಿ ಡಿಗ್ರಿ ಮಾಡಿದ, ನಾನು ಇಂಜಿನಿಯರಿಂಗ್ ಮಾಡಿದೆ. ಇಬ್ಬರೂ ಕಷ್ಟಪಟ್ಟು ಓದಿದ್ದು ನಿಜ. ಅಜ್ಜನೂ ಕಷ್ಟಪಟ್ಟಿದ್ದ, ನಮ್ಮಿಬ್ಬರಿಗಿಂತ ಜಾಸ್ತಿ. ಅವನ ಕಷ್ಟ ಅಕ್ಕಿ ಮುಡಿಯಾಗಿ ಬೇರೆಯವರ ಮನೆಗೆ ಹೋಯಿತು, ನಮ್ಮದು ನಮ್ಮಲ್ಲೇ ಉಳಿಯಿತು. ಆ ವ್ಯತ್ಯಾಸ ಮಾಡಿದ್ದು ಮೆರಿಟ್ ಅಲ್ಲ, ನಮೂನೆ 7.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. "ಎಲ್ಲ ಧಣಿಗಳೂ ಶ್ರೀಮಂತರಾಗಿರಲಿಲ್ಲ. ವಿಧವೆಯರು, ಸಣ್ಣ ಮೇಷ್ಟ್ರುಗಳು, ನಿತ್ಯಪೂಜೆಗೂ ಗೇಣಿಯನ್ನೇ ನಂಬಿದ್ದ ದೇವಸ್ಥಾನಗಳು ಎಲ್ಲ ಕಳೆದುಕೊಂಡವು." ನಿಜ. ಕಾನೂನು ಪರಿಹಾರ ಗೊತ್ತುಮಾಡಿತ್ತು, ಆದರೆ ಎರಡೆಕರೆ ಗೇಣಿಯಲ್ಲಿ ಬದುಕುತ್ತಿದ್ದ ವಿಧವೆಗೆ ಅದು ಸಮಾಧಾನ ಆಗಲಿಲ್ಲ. ಆ ನೋವನ್ನು ಸುಳ್ಳು ಅಂತ ಹೇಳುವುದು ಅಪ್ರಾಮಾಣಿಕತೆ. ಆದರೆ ಆ ಮನೆಗಳಲ್ಲಿ ಎಷ್ಟೋ ಮಂದಿಗೆ ಆಗಲೇ ಓದು ಇತ್ತು, ಮುಂಬಯಿ, ಬೆಂಗಳೂರಿನ ಪರಿಚಯ ಇತ್ತು, ಹೋಟೆಲು, ಬ್ಯಾಂಕು, ಮೇಷ್ಟ್ರ ಕೆಲಸ ಅಂತ ದಾರಿಗಳಿದ್ದವು. ಒಕ್ಕಲಿಗೆ ಗದ್ದೆ ಬಿಟ್ಟರೆ ದಾರಿ ಇರಲಿಲ್ಲ. ಸಣ್ಣ ಮಾಲೀಕರನ್ನು ಕಾನೂನು ಇನ್ನೂ ಮೃದುವಾಗಿ ನೋಡಬೇಕಿತ್ತು ಅಂತ ವಾದಿಸಿ, ನಾನೂ ಒಪ್ಪುತ್ತೇನೆ. ಗೇಣಿ ಪದ್ಧತಿಯೇ ಇರಬೇಕಿತ್ತು ಅಂತ ಮಾತ್ರ ವಾದಿಸಬೇಡಿ.

ಇನ್ನೊಂದು ಪ್ರಶ್ನೆಯನ್ನು ರಾಜಕೀಯದವರು ಕೇಳುತ್ತಾರೆ: ಭೂಮಿ ಪಡೆದ ಜಿಲ್ಲೆ ಭೂಮಿ ಕೊಟ್ಟ ಪಕ್ಷದ ಜತೆ ಯಾಕೆ ಉಳಿಯಲಿಲ್ಲ? 1983ರಲ್ಲೇ ಪುತ್ತೂರು ಬಿಜೆಪಿಯ ಉರಿಮಜಲು ರಾಮ ಭಟ್ಟರನ್ನು ಗೆಲ್ಲಿಸಿತು. ಆಗ ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 18 ಸೀಟು. ಇದನ್ನು ಕೃತಘ್ನತೆ ಅಂತ ಕರೆಯುವವರ ಬಗ್ಗೆ ನನಗೆ ಸಿಟ್ಟಿದೆ. ಹಕ್ಕು ಅಂತ ಕೊಟ್ಟಿದ್ದಕ್ಕೆ ಋಣ ಅಂತ ಬಿಲ್ಲು ಹಾಕಬಾರದು. ನನ್ನ ವಿವರಣೆ ಇಷ್ಟು: ಕಾನೂನು ಗೆದ್ದ ದಿನವೇ ಗೇಣಿದಾರ ಅನ್ನುವ ವರ್ಗ ಇಲ್ಲವಾಯಿತು. ಒಂದೇ ಧಣಿಗೆ ಗೇಣಿ ಹೊರುತ್ತಿದ್ದ ಬಿಲ್ಲವ, ಗೌಡ, ಬ್ಯಾರಿ, ಕ್ರೈಸ್ತ ಒಕ್ಕಲುಗಳಿಗೆ ಒಂದು ಸಮಾನ ಜಗಳ ಇತ್ತು. ಭೂಮಿ ಸಿಕ್ಕಿದ ಮೇಲೆ ಆ ಜಗಳ ಮುಗಿಯಿತು, ಜತೆ ಕೂರಲು ಇದ್ದ ಕಾರಣವೂ ಮುಗಿಯಿತು. ಆ ಖಾಲಿ ಜಾಗಕ್ಕೆ ಜಾತಿ ಸಂಘಗಳು ಬಂದವು, ಧರ್ಮದ ಸಂಘಟನೆಗಳು ಬಂದವು. ಭೂಮಿ ಹಂಚಿದವರು ಅದರ ಮುಂದಿನ ರಾಜಕೀಯ ಏನು ಅಂತ ಯೋಚಿಸಲೇ ಇಲ್ಲ. ಕರಾವಳಿ ಯಾಕೆ ಹೀಗಾಯಿತು ಅಂತ ಟಿವಿ ಚರ್ಚೆಗಳಲ್ಲಿ ತಲೆ ಕೆಡಿಸಿಕೊಳ್ಳುವವರು ಇಲ್ಲಿಂದ ಶುರು ಮಾಡಿದರೆ ಒಳ್ಳೆಯದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಕಾನೂನು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಗೇಣಿದಾರನ ಗದ್ದೆಯಲ್ಲಿ ಕೂಲಿಗೆ ದುಡಿಯುತ್ತಿದ್ದವನಿಗೆ ಏನು ಸಿಕ್ಕಿತು? ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಚೋಮನ ದುಡಿ' ಬರೆದದ್ದು 1930ರ ದಶಕದಲ್ಲಿ. ಸ್ವಂತಕ್ಕೆ ಒಂದು ತುಂಡು ಭೂಮಿ ಬೇಸಾಯ ಮಾಡಬೇಕು ಅಂತ ಆಸೆಪಟ್ಟ, ಜಾತಿಯ ಕಾರಣಕ್ಕೆ ಅದು ಸಿಗದೆ ಸೋತ ದಲಿತನ ಕಥೆ ಅದು. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ಅದಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು. ಟ್ರಿಬ್ಯೂನಲ್‌ಗಳು ಕೆಲಸ ಮಾಡುತ್ತಿದ್ದದ್ದೂ ಅದೇ ಕಾಲದಲ್ಲಿ. ಚೋಮ ಬದುಕಿದ್ದರೂ ಡಿಕ್ಲರೇಶನ್ ಕೊಡುವ ಹಾಗಿರಲಿಲ್ಲ, ಯಾಕೆಂದರೆ ಚೋಮನಿಗೆ ಗೇಣಿಗೂ ಭೂಮಿ ಸಿಕ್ಕಿರಲಿಲ್ಲ. ಗಡಿಯ ಆ ಕಡೆ ಕೇರಳದ ಕಾನೂನು ಗುಡಿಸಲು ಕಟ್ಟಿಕೊಂಡಿದ್ದವನಿಗೂ ಹಳ್ಳಿಯಲ್ಲಿ 10 ಸೆಂಟ್ಸ್ ಹಕ್ಕು ಕೊಟ್ಟಿತ್ತು. ನಮ್ಮಲ್ಲಿ ಮಿತಿಗಿಂತ ಹೆಚ್ಚಿನ ಭೂಮಿಯನ್ನು ಹಂಚುತ್ತೇವೆ ಅಂದದ್ದು ಮಾತಿನಲ್ಲೇ ಹೆಚ್ಚು ಉಳಿಯಿತು. ಹಿಂದೆ ದಲಿತರಿಗಾಗಿಯೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ದಕ್ಷಿಣ ಕನ್ನಡದ ದಲಿತ ಸಂಘಟನೆಗಳು ಎಷ್ಟೋ ವರ್ಷಗಳಿಂದ ಧರಣಿ ಕೂರುತ್ತಿವೆ. ಸುಳ್ಯದ ಸರ್ಕಾರಿ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಒಪ್ಪಂದದ ಮೇಲೆ ಕರೆತಂದ ತಮಿಳು ಕುಟುಂಬಗಳು ಟ್ಯಾಪಿಂಗ್ ಮಾಡುತ್ತಾ ತಲೆಮಾರು ಕಳೆದವು. ಅವರ ಮಕ್ಕಳು ಮೀಸಲಾತಿ ಕೇಳಿದರೆ, ಮನೆ ನಿವೇಶನ ಕೇಳಿದರೆ "ಎಲ್ಲ ಬಿಟ್ಟಿ ಬೇಕು ಇವರಿಗೆ" ಅನ್ನುವವರು ಯಾರು? ನಾವೇ. ನಮೂನೆ 7ರ ಮೊಮ್ಮಕ್ಕಳು.

ಅಷ್ಟೇ ಅಲ್ಲ. 2020ರ ಜುಲೈಯಲ್ಲಿ, ಕೊರೋನಾಕ್ಕೆ ಹೆದರಿ ಎಲ್ಲರೂ ಮನೆಯೊಳಗೆ ಇದ್ದಾಗ, ಕರ್ನಾಟಕ ಸರ್ಕಾರ ಒಂದು ಸುಗ್ರೀವಾಜ್ಞೆ ತಂದಿತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಂಗಳು ಹೋದವು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರು ಕೃಷಿಭೂಮಿ ಕೊಳ್ಳಬಾರದು, ಕೃಷಿಕರಲ್ಲದವರು ಹೊಂದಬಾರದು ಅಂತ ಇದ್ದ ತಡೆಗಳು ಇವು. ಸೆಪ್ಟೆಂಬರ್ 28ರಂದು ರೈತ ಸಂಘಟನೆಗಳು ರಾಜ್ಯ ಬಂದ್ ಮಾಡಿದವು. ಡಿಸೆಂಬರಿನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಆ ದಿನಗಳಲ್ಲಿ ನಮ್ಮ ಗೆಳೆಯರ ಗುಂಪುಗಳಲ್ಲಿ ನಡೆದ ಚರ್ಚೆ ಏನು ಗೊತ್ತಾ? ಸಕಲೇಶಪುರದಲ್ಲಿ ಎಕರೆಗೆ ಎಷ್ಟು, ಪುತ್ತೂರು ಕಡೆ ಹೊಳೆಬದಿ ಸಿಗುತ್ತದಾ, ವೀಕೆಂಡ್ ಫಾರ್ಮ್‌ಗೆ ಬೋರ್ ಕೊರೆಸಿದರೆ ನೀರು ಬರುತ್ತದಾ.

ಹಳೆಯ ತಡೆ ಪರಿಪೂರ್ಣ ಆಗಿತ್ತು ಅಂತ ನಾನು ಹೇಳುವುದಿಲ್ಲ. ಸುಳ್ಳು ಪತ್ರ ಮಾಡಿ ಕೊಂಡವರು ಆಗಲೂ ಇದ್ದರು, ಲಂಚಕ್ಕೆ ಅದೊಂದು ದಾರಿಯೂ ಆಗಿತ್ತು. ಕಾಯ್ದೆ ತಿದ್ದಬೇಕಿತ್ತು, ಅದಕ್ಕೆ ಚರ್ಚೆ ಬೇಕಿತ್ತು. ಆದರೆ ಇದರ ದಿಕ್ಕನ್ನು ಗಮನಿಸಿ. 1974ರಲ್ಲಿ ಕಾನೂನು ಕೇಳಿದ್ದು "ಉಳುತ್ತಿರುವವರು ಯಾರು?" 2020ರಲ್ಲಿ ಕೇಳಿದ್ದು "ಕೊಳ್ಳಲು ಶಕ್ತಿ ಇರುವವರು ಯಾರು?" ಇವತ್ತು ನಮ್ಮ ತೋಟಗಳಲ್ಲಿ ದುಡಿಯುವವರು ಒಡಿಶಾದಿಂದ, ಜಾರ್ಖಂಡ್‌ನಿಂದ, ಅಸ್ಸಾಮಿನಿಂದ ಬಂದವರು. ಮಾಲೀಕ ಬೆಂಗಳೂರಿನಲ್ಲಿ, ದುಬೈಯಲ್ಲಿ. ಅವನ ಹೆಸರು ಪಹಣಿಯಲ್ಲಿ, ಇವರ ಹೆಸರು ಎಲ್ಲೂ ಇಲ್ಲ. ಈ ಚಿತ್ರ ನಿಮಗೆ ಹಳೆಯದನ್ನು ನೆನಪಿಸುವುದಿಲ್ಲವಾ? ನನಗೆ ನೆನಪಿಸುತ್ತದೆ, ಮತ್ತು ಈ ಸಲ ಧಣಿಯ ಜಾಗದಲ್ಲಿ ನಾವಿದ್ದೇವೆ.

1974ರ ತಿರುವಿನ ಹಿಂದೆ ಇದ್ದದ್ದು ಒತ್ತಡ, ಪಕ್ಕದ ಮನೆಯ ಉದಾಹರಣೆ, ಮೇಲಿನವರ ಬಿರುಕು, ಕೆಲಸ ಮಾಡುವ ಯಂತ್ರ. 2020ರ ತಿರುವಿಗೆ ಇವು ಬೇಕಾಗಲಿಲ್ಲ. ಹೊಟ್ಟೆ ತುಂಬಿದವರ ಮೌನ ಸಾಕಾಯಿತು. ಆ ಮೌನವನ್ನು ಯಾವ ಮುಖ್ಯಮಂತ್ರಿಯ ತಲೆಗೂ ಕಟ್ಟುವ ಹಾಗಿಲ್ಲ, ಅದು ನಮ್ಮದು. ಮುರಿಯುವ ದಾರಿ ಕಷ್ಟದ್ದೂ ಅಲ್ಲ. ಡಿ.ಸಿ. ಮನ್ನಾ ಭೂಮಿಯ ಪಟ್ಟಿಯನ್ನು ಹಳ್ಳಿ ಹಳ್ಳಿಯಾಗಿ ಬಹಿರಂಗ ಮಾಡಿ ಅಂತ ಕೇಳುವುದು. 79ಎ, 79ಬಿ ಹೋದ ಮೇಲೆ ಯಾವ ತಾಲೂಕಿನಲ್ಲಿ ಎಷ್ಟು ಭೂಮಿ ಯಾರ ಕೈಗೆ ಹೋಯಿತು ಅಂತ ಲೆಕ್ಕ ಕೇಳುವುದು. ನಮ್ಮ ತೋಟದಲ್ಲಿ ದುಡಿಯುವವನ ಹೆಸರು ಒಂದು ದಾಖಲೆಯಲ್ಲಾದರೂ ಇರುವ ಹಾಗೆ ನೋಡಿಕೊಳ್ಳುವುದು. ಇಷ್ಟು ಮಾಡಲು ಚಳವಳಿ ಕಟ್ಟಬೇಕಾಗಿಲ್ಲ.

ಊರಿನ ಕಪಾಟಿನಲ್ಲಿ, ಅಡಿಕೆ ಪಟ್ಟಿಗಳ ಕೆಳಗೆ, ಟ್ರಿಬ್ಯೂನಲ್ಲಿನ ಆದೇಶದ ಒಂದು ಹಳದಿ ಕಾಗದ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ರಜೆಗೆ ಹೋದಾಗ ಅಪ್ಪನ ಹತ್ತಿರ ಕೇಳಿ ತೆಗೆಸಿ. ಓದಿ ನೋಡಿದ ಮೇಲೆ, ಮೆರಿಟ್ ಮತ್ತು ಬಿಟ್ಟಿ ಭಾಗ್ಯದ ಬಗ್ಗೆ ಮಾತಾಡೋಣ.